ಶುಕ್ರವಾರದ ಪತ್ರ ಮತ್ತು ನಾನು ಓದದೇ ಬಿಟ್ಟ ಆ ಪ್ಯಾರಾ

ಪ್ರತಿ ಶುಕ್ರವಾರ ಮಧ್ಯಾಹ್ನ ಮೂರೂವರೆ ಸುಮಾರಿಗೆ ನನ್ನ ಫೋನು ಒಮ್ಮೆ ಗುಂಯ್ ಅನ್ನುತ್ತೆ. ಮಗಳ ಶಾಲೆಯ ನ್ಯೂಸ್‌ಲೆಟರ್ ಬಂತು ಅಂತ ಅರ್ಥ. ಸರಿಯಾಗಿ ಅದೇ ಹೊತ್ತಿಗೆ ನಮ್ಮ ಟೀಮಿನ ವಾರದ ಡೆಮೊ ನಡೀತಿರುತ್ತೆ. ‘ಆಮೇಲೆ ನೋಡೋಣ’ ಅಂತ ಹೆಬ್ಬೆರಳಲ್ಲಿ ಪಕ್ಕಕ್ಕೆ ತಳ್ಳಿದರೆ ಅಲ್ಲಿಗೆ ಮುಗೀತು. ಆರು ತಿಂಗಳು ಹೀಗೇ ತಳ್ಳಿದೆ. ಅದರ ಬೆಲೆ ಏನು ಅಂತ ಗೊತ್ತಾಗಿದ್ದು ಫೆಬ್ರವರಿ 21ರಂದು, ಶಾಲೆಯ ಕಾರಿಡಾರಿನಲ್ಲಿ.

ನಾವು ಹಾಸನದ ಕಡೆಯವರು. ಕೆಲಸದ ಮೇಲೆ ಬೆಂಗಳೂರಿನಿಂದ ನೆದರ್‌ಲ್ಯಾಂಡ್ಸ್‌ನ ಐಂಡ್‌ಹೋವನ್‌ಗೆ ಬಂದವರು. 1891ರಲ್ಲಿ ಫಿಲಿಪ್ಸ್ ಕಂಪನಿ ಹುಟ್ಟಿದ ಊರು ಇದು. ಪಕ್ಕದಲ್ಲೇ ಚಿಪ್ ತಯಾರಿಸುವ ಯಂತ್ರಗಳ ಕಂಪನಿ ಇದೆ. ಹಾಗಾಗಿ ಇಲ್ಲಿ ಇಂಜಿನಿಯರ್‌ಗಳಿಗೆ ಬರವಿಲ್ಲ, ಒಮ್ಮೊಮ್ಮೆ ಬಸ್ಸಿನಲ್ಲೂ ಕನ್ನಡ ಕಿವಿಗೆ ಬೀಳುತ್ತೆ. ನನಗೆ ಮೂವತ್ತೆರಡು, ಮಗಳಿಗೆ ಐದೂವರೆ. ಕಳೆದ ಆಗಸ್ಟ್‌ನಲ್ಲಿ ಅವಳನ್ನು ಇಲ್ಲಿನ ಒಂದು ಇಂಟರ್‌ನ್ಯಾಷನಲ್ ಪ್ರೈಮರಿ ಶಾಲೆಗೆ ಸೇರಿಸಿದೆವು.

ಪತ್ರದಲ್ಲಿ ಅಂಥದ್ದೇನಿರುತ್ತೆ?

ಮೇಲ್ನೋಟಕ್ಕೆ ಎಲ್ಲ ಚಿಲ್ಲರೆ ವಿಷಯಗಳೇ. ಬೆಳಗಿನ ಬ್ರೇಕ್‌ಗೆ ಹಣ್ಣು ಕಳಿಸಿ. ಕುಡಿಯಲು ನೀರು ಸಾಕು, ಜ್ಯೂಸ್ ಬೇಡ. ಮಳೆ ಬಂದರೂ ಮಕ್ಕಳು ಹೊರಗೆ ಆಡ್ತಾರೆ, ಬೂಟು ಇರಲಿ. ಹುಟ್ಟುಹಬ್ಬಕ್ಕೆ ಕ್ಲಾಸಿಗೆ ಹಂಚುವ ತಿಂಡಿಯಲ್ಲಿ ಕಡಲೆಕಾಯಿ, ಗೋಡಂಬಿ ಹಾಕಬೇಡಿ, ಅಲರ್ಜಿ ಇರುವ ಮಕ್ಕಳಿದ್ದಾರೆ.

ನಡುವೆ ಒಂದೊಂದು ದೊಡ್ಡ ವಿಷಯವೂ ಇರುತ್ತೆ. ಈ ದೇಶದಲ್ಲಿ ಮಗುವಿಗೆ ನಾಲ್ಕು ತುಂಬಿದರೆ ಶಾಲೆಗೆ ಹೋಗಬಹುದು, ಐದು ತುಂಬಿದ ಮುಂದಿನ ತಿಂಗಳಿಂದ ಹೋಗಲೇಬೇಕು. ಅನುಮತಿ ಇಲ್ಲದೆ, ಟಿಕೆಟ್ ಅಗ್ಗ ಅಂತ ರಜೆಗೆ ಒಂದು ವಾರ ಮುಂಚೆ ಮಗುವನ್ನು ಊರಿಗೆ ಕರ್ಕೊಂಡು ಹೋದರೆ ಪೋಷಕರಿಗೆ ದಂಡ. ಬೇಸಿಗೆ ರಜೆ ಆರು ವಾರ. ಅದು ಕೂಡ ದೇಶವನ್ನು ಉತ್ತರ, ಮಧ್ಯ, ದಕ್ಷಿಣ ಅಂತ ಮೂರು ಭಾಗ ಮಾಡಿ ಬೇರೆ ಬೇರೆ ದಿನ ಶುರುವಾಗುತ್ತೆ. ಸಂಬಂಧಿಕರ ಮದುವೆಗೆ ನಾನು ಟಿಕೆಟ್ ಬುಕ್ ಮಾಡೋದರಲ್ಲಿದ್ದೆ. ಹೆಂಡತಿ ಈ ವಿಷಯ ಓದಿದ್ದರಿಂದ ಬಚಾವ್ ಆದೆವು.

ಪಾಠದ ಸುದ್ದಿಯೂ ಇದರಲ್ಲೇ. ನಮ್ಮ ಶಾಲೆ ಐಬಿ ಪದ್ಧತಿಯದು. 1968ರಲ್ಲಿ ಜಿನೀವಾದಲ್ಲಿ ಶುರುವಾದ ಸಂಸ್ಥೆ ಅದು. 3ರಿಂದ 12 ವರ್ಷದ ಮಕ್ಕಳಿಗಾಗಿ 1997ರಲ್ಲಿ ಪಿವೈಪಿ ಅನ್ನೋ ಕಾರ್ಯಕ್ರಮ ತಂದರು. ಬೆಂಗಳೂರಿನ ಎಷ್ಟೋ ಇಂಟರ್‌ನ್ಯಾಷನಲ್ ಶಾಲೆಗಳಲ್ಲೂ ಇರೋದು ಇದೇ. ಇಲ್ಲಿ ಪಾಠಗಳನ್ನು ಆರು ದೊಡ್ಡ ವಿಷಯಗಳ ಸುತ್ತ ಹೆಣೆದಿರ್ತಾರೆ: ನಾವು ಯಾರು, ಯಾವ ಕಾಲದಲ್ಲಿ ಎಲ್ಲಿದ್ದೇವೆ, ಮನಸ್ಸಿನದನ್ನು ಹೇಗೆ ಹೇಳ್ತೀವಿ, ಜಗತ್ತು ಹೇಗೆ ನಡೆಯುತ್ತೆ, ನಮ್ಮ ವ್ಯವಸ್ಥೆಗಳು ಹೇಗಿವೆ, ಭೂಮಿಯನ್ನು ಹೇಗೆ ಹಂಚಿಕೊಳ್ತೀವಿ. ನಮ್ಮ ಕಾಲದ ಹಾಗೆ ‘ಮೂರನೇ ಪಾಠ ಮುಗೀತು’ ಅನ್ನೋ ಲೆಕ್ಕ ಇಲ್ಲ. ಮಗು ಏನು ಕಲೀತಿದೆ ಅಂತ ತಿಳಿಯೋಕೆ ಪತ್ರವನ್ನೇ ಓದಬೇಕು.

ಮನೆಗೆ ಬಂದ ಇಂಗ್ಲಿಷ್

ಶಾಲೆ ಸೇರಿದ ಮೊದಲ ಎರಡು ತಿಂಗಳು ಮಗಳು ಕ್ಲಾಸಲ್ಲಿ ಬಾಯಿಯೇ ಬಿಡಲಿಲ್ಲ. ಮನೆಯಲ್ಲಿ ವಟವಟ ಅನ್ನೋ ಹುಡುಗಿ ಅಲ್ಲಿ ಮೂಲೆಯಲ್ಲಿ ಕೂತು ಬರ್ತಿದ್ದಳು. ನಮಗೆ ಗಾಬರಿ. ನನಗೋ ಯಾವ ತೊಂದರೆ ಬಂದರೂ ಕೂಡಲೇ ಒಂದು ಫಿಕ್ಸ್ ಹಾಕಿಬಿಡುವ ಚಟ. ‘ಇವತ್ತಿಂದ ಮನೆಯಲ್ಲೂ ಇಂಗ್ಲಿಷೇ’ ಅಂದೆ. ಹೆಂಡತಿಗೆ ಪೂರ್ತಿ ಮನಸ್ಸಿರಲಿಲ್ಲ, ಆದರೂ ಒಪ್ಪಿದಳು.

ಡಿಸೆಂಬರ್ ಹೊತ್ತಿಗೆ ಮಗಳು ಇಂಗ್ಲಿಷ್ ಮಾತಾಡತೊಡಗಿದಳು. ಗೆದ್ದೆ ಅಂದುಕೊಂಡೆ. ಆದರೆ ಭಾನುವಾರದ ವಿಡಿಯೊ ಕಾಲ್‌ನಲ್ಲಿ ಅಜ್ಜಿ ‘ಊಟ ಆಯ್ತಾ ಕಂದಾ?’ ಅಂದರೆ ‘ಯೆಸ್’ ಅಂತ ಹೇಳಿ ಎದ್ದು ಓಡ್ತಿದ್ದಳು. ಅಮ್ಮನಿಗೆ ಬರೋದು ಕನ್ನಡ ಒಂದೇ. ‘ಮಗು ದೊಡ್ಡೋಳಾಗ್ತಾ ಇದಾಳೆ ಕಣೋ, ನಾಚಿಕೆ’ ಅಂತ ಅವರೇ ಸಮಾಧಾನ ಹೇಳ್ಕೊಂಡರು. ನಾನೂ ಹೌದು ಅಂದುಬಿಟ್ಟೆ.

ಕಾಗದದ ಎಲೆ

ಫೆಬ್ರವರಿ 21 ಅಂತಾರಾಷ್ಟ್ರೀಯ ಮಾತೃಭಾಷಾ ದಿನ. ಬಾಂಗ್ಲಾದೇಶದ ಪ್ರಸ್ತಾವದ ಮೇಲೆ ಯುನೆಸ್ಕೊ 1999ರಲ್ಲಿ ಘೋಷಿಸಿದ್ದು. 1952ರಲ್ಲಿ ಅದೇ ತಾರೀಖು ಢಾಕಾದಲ್ಲಿ ಬಂಗಾಳಿ ಭಾಷೆಗಾಗಿ ಹೋರಾಡುತ್ತಿದ್ದ ವಿದ್ಯಾರ್ಥಿಗಳು ಪೊಲೀಸರ ಗುಂಡಿಗೆ ಬಲಿಯಾಗಿದ್ದರು.

ಅವತ್ತು ಶಾಲೆಯ ಗೋಡೆ ಮೇಲೆ ದೊಡ್ಡದೊಂದು ಕಾಗದದ ಮರ. ಒಂದೊಂದು ಮಗುವಿಗೆ ಒಂದೊಂದು ಎಲೆ. ಮನೆಯಲ್ಲಿ ಕೇಳಲು ಇಷ್ಟವಾಗುವ ಮಾತನ್ನು ಅವರವರ ಲಿಪಿಯಲ್ಲೇ ಬರೆದು ಕಳಿಸಿ ಅಂತ ಹಿಂದಿನ ವಾರದ ಪತ್ರದಲ್ಲಿ ಪೋಷಕರನ್ನು ಕೇಳಿದ್ದರಂತೆ. ಟರ್ಕಿಯ ಹುಡುಗನ ಎಲೆಯಲ್ಲಿ ‘ಜಾನಿಮ್’ ಇತ್ತು. ತಮಿಳು ಹುಡುಗಿಯದರಲ್ಲಿ ‘ಕಣ್ಣು’. ಪೋಲೆಂಡಿನವರದ್ದು, ಪೋರ್ಚುಗಲ್‌ನವರದ್ದು ನನಗೆ ಓದಲು ಬರಲಿಲ್ಲ.

ನನ್ನ ಮಗಳ ಎಲೆಯಲ್ಲಿ ಇಂಗ್ಲಿಷಿನಲ್ಲಿ ‘ಗುಡ್ ಜಾಬ್’ ಅಂತಿತ್ತು.

ನಾವು ಏನೂ ಕಳಿಸಿರಲಿಲ್ಲವಲ್ಲ, ಟೀಚರ್ ಅವಳನ್ನೇ ಕೇಳಿದ್ದಾರೆ. ‘ಅಪ್ಪ ಹಾಗೆ ಹೇಳ್ತಾರೆ’ ಅಂದಳಂತೆ. ಟೀಚರ್ ನಗುತ್ತಲೇ ಹೇಳಿದರು. ನಾನೂ ನಕ್ಕೆ. ಸೈಕಲ್ ತುಳಿದು ಮನೆಗೆ ಬರುವಾಗ ಮಾತ್ರ ಗಂಟಲು ಕಟ್ಟಿತ್ತು. ವಿಷಯ ಕೇಳಿ ಹೆಂಡತಿ ಬೈಯಲಿಲ್ಲ. ‘ಅವಳನ್ನ ಚಿನ್ನು ಅಂತ ಕರೆದು ಎಷ್ಟು ದಿನ ಆಯ್ತು ಹೇಳು?’ ಅಂದಳು ಅಷ್ಟೇ. ಲೆಕ್ಕ ಹಾಕೋಕೆ ಆಗಲಿಲ್ಲ.

ಆ ರಾತ್ರಿ ಕೂತು ಓದದೇ ಉಳಿದಿದ್ದ 18 ಪತ್ರ ಓದಿದೆ. ಅಕ್ಟೋಬರ್‌ದರಲ್ಲಿ ಒಂದು ಪ್ಯಾರಾ ಇತ್ತು. ಹೊಸ ಭಾಷೆಗೆ ಬಂದ ಮಕ್ಕಳು ಕೆಲವು ವಾರ, ಕೆಲವೊಮ್ಮೆ ತಿಂಗಳುಗಟ್ಟಲೆ ಮಾತಾಡದೇ ಇರಬಹುದು. ಅದು ಕೇಳಿಸಿಕೊಂಡು ಒಳಗೆ ತುಂಬಿಕೊಳ್ಳುವ ಹೊತ್ತು, ಬಲವಂತ ಬೇಡ. ಮನೆಯಲ್ಲಿ ನಿಮ್ಮ ಭಾಷೆಯನ್ನೇ ಆಡಿ, ಅದರಲ್ಲೇ ಕಥೆ ಹೇಳಿ, ಇಂಗ್ಲಿಷ್ ನಾವು ನೋಡ್ಕೊಳ್ತೀವಿ ಅನ್ನೋದು ಅದರ ಸಾರಾಂಶ. ನಮಗೇ ಬರೆದ ಹಾಗಿತ್ತು. ನಾನು ಡೆಮೊದಲ್ಲಿದ್ದೆ.

ಇದು ಬರೀ ಸಮಾಧಾನದ ಮಾತಲ್ಲ. ಕೆನಡಾದ ವಿದ್ವಾಂಸ ಜಿಮ್ ಕಮ್ಮಿನ್ಸ್ 1970ರ ದಶಕದಿಂದಲೂ ಹೇಳ್ತಾ ಬಂದಿರೋದು ಇದನ್ನೇ. ಎರಡು ಭಾಷೆಗಳು ತಲೆಯಲ್ಲಿ ಜಾಗಕ್ಕೆ ಜಗಳ ಆಡಲ್ಲ, ಮೇಲೆ ಬೇರೆ ಬೇರೆಯಾಗಿ ಕಂಡರೂ ಕೆಳಗೆ ತಳಪಾಯ ಒಂದೇ. ಕಾರಣ ಹೇಳೋದು, ಕಥೆ ಕಟ್ಟೋದು, ಅಕ್ಷರಕ್ಕೆ ಶಬ್ದ ಹೊಂದಿಸೋದು, ಇವನ್ನೆಲ್ಲ ಒಂದರಲ್ಲಿ ಕಲಿತರೆ ಇನ್ನೊಂದಕ್ಕೂ ಒದಗುತ್ತೆ.

ಅಜ್ಜಿ ಮತ್ತು ಹೇನು

ಮರುದಿನದಿಂದ ಮನೆಯಲ್ಲಿ ಮತ್ತೆ ಕನ್ನಡ. ಸುಲಭ ಇರಲಿಲ್ಲ. ನಾನು ಕನ್ನಡದಲ್ಲಿ ಕೇಳಿದರೆ ಅವಳು ಇಂಗ್ಲಿಷಲ್ಲೇ ಉತ್ತರ ಕೊಡ್ತಿದ್ದಳು. ಸರಿ, ಶುಕ್ರವಾರದ ಪತ್ರವನ್ನೇ ಹಿಡ್ಕೊಂಡೆ. ರಾತ್ರಿ ಊಟದ ಹೊತ್ತಿಗೆ ನಾನು ಓದಿ ಕನ್ನಡದಲ್ಲಿ ಹೇಳೋದು. ಭಾನುವಾರ ಅದರಲ್ಲಿ ಒಂದು ಸುದ್ದಿಯನ್ನು ಅವಳು ಅಜ್ಜಿಗೆ ಹೇಳೋದು.

ಕಾರ್ನಿವಲ್ ರಜೆ ಮುಗಿದ ವಾರದ ಸುದ್ದಿ ಹೇನು! ಇಲ್ಲಿನ ಎಷ್ಟೋ ಶಾಲೆಗಳಲ್ಲಿ ರಜೆ ಮುಗಿದ ಮೇಲೆ ಕೆಲವು ಪೋಷಕರು ಬಂದು ಎಲ್ಲ ಮಕ್ಕಳ ತಲೆ ನೋಡ್ತಾರೆ. ಮಗಳು ಪದ ಹುಡುಕುತ್ತಾ, ಕೈಯಲ್ಲಿ ತಲೆ ಕೆರೆದು ತೋರಿಸಿ, ‘ಅಜ್ಜಿ, ಸ್ಕೂಲಲ್ಲಿ ಹೇನು ನೋಡ್ತಾರೆ’ ಅಂದಳು. ಅಮ್ಮ ನಕ್ಕಿದ್ದೇ ನಕ್ಕಿದ್ದು. ‘ಅಯ್ಯೋ, ನಾವು ಜಗಲಿ ಮೇಲೆ ಸಾಲಾಗಿ ಕೂತ್ಕೊಂಡು ಒಬ್ಬರ ತಲೆ ಒಬ್ಬರು ನೋಡ್ತಿದ್ವಿ ಕಣೇ!’ ಅಂದರು. ಮಗಳು ಎದ್ದು ಓಡಲಿಲ್ಲ. ‘ಜಗಲಿ ಅಂದ್ರೆ ಏನು?’ ಅಂತ ಕೇಳಿದಳು. ನಾಲ್ಕು ತಿಂಗಳ ಮೇಲೆ ಅವಳು ಅಜ್ಜಿಗೆ ಕೇಳಿದ ಮೊದಲ ಪ್ರಶ್ನೆ ಅದು. ಅವತ್ತಿನ ಕಾಲ್ 40 ನಿಮಿಷ ನಡೀತು.

ನಿಮಗೂ ಉಪಯೋಗಕ್ಕೆ ಬರಬಹುದು

ಬೆಂಗಳೂರಿನಲ್ಲಿದ್ದರೂ, ಹೊರದೇಶದಲ್ಲಿದ್ದರೂ ಶಾಲೆಯ ಇಮೇಲ್‌ಗಳ ರಾಶಿ ಎಲ್ಲರ ಫೋನಲ್ಲೂ ಇದೆ. ನಾವು ಮಾಡಿಕೊಂಡಿದ್ದು ಇಷ್ಟು:

- ಶಾಲೆಯ ಮೇಲ್‌ಗೆ ಬೇರೆ ಲೇಬಲ್ ಹಾಕಿ. ಓದುವ ಹೊತ್ತನ್ನು ಆಫೀಸ್ ಮೀಟಿಂಗ್ ಥರ ಕ್ಯಾಲೆಂಡರ್‌ನಲ್ಲಿ ಬ್ಲಾಕ್ ಮಾಡಿ. 10 ನಿಮಿಷ ಸಾಕು.
- ತಾರೀಖು ಕಂಡ ಕೂಡಲೇ ಇಬ್ಬರ ಕ್ಯಾಲೆಂಡರ್‌ಗೂ ಹಾಕಿ. ‘ಅವಳು ನೋಡ್ಕೊಳ್ತಾಳೆ’ ಅಂತ ಬಿಡಬೇಡಿ. ನಮ್ಮ ಮನೆಯಲ್ಲಿ ಓದೋದು ಒಂದು ವಾರ ನಾನು, ಒಂದು ವಾರ ಅವಳು.
- ‘ಇವತ್ತು ಏನು ಕಲಿತೆ?’ ಅಂದರೆ ಉತ್ತರ ‘ಏನಿಲ್ಲ’. ಪತ್ರದಲ್ಲಿರೋ ಒಂದು ವಿಷಯ ಹಿಡಿದು ಕೇಳಿ. ‘ಆ ಬೀಜ ಮೊಳಕೆ ಬಂತಾ?’ ಅಂದರೆ ಮಾತು ನಿಲ್ಲೋದೇ ಇಲ್ಲ.
- ಮಗು ಇಂಗ್ಲಿಷಲ್ಲಿ ಉತ್ತರ ಕೊಟ್ಟರೆ ತಿದ್ದಬೇಡಿ. ನೀವು ಮಾತ್ರ ನಿಮ್ಮ ಭಾಷೆಯಲ್ಲೇ ಮುಂದುವರಿಸಿ.
- ಮಗುವಿನ ಬಗ್ಗೆ ಚಿಂತೆ ಇದ್ದರೆ ಮೊದಲು ಟೀಚರ್‌ಗೆ ಎರಡು ಸಾಲು ಬರೆಯಿರಿ. ನನ್ನ ಥರ ನೀವೇ ಫಿಕ್ಸ್ ಹಾಕೋಕೆ ಹೋಗಬೇಡಿ.

ಆ ಕಾಗದದ ಮರ ಬೇಸಿಗೆ ರಜೆವರೆಗೂ ಇರುತ್ತಂತೆ. ನಾನು ‘ಚಿನ್ನು’ ಅಂತ ಬರೆದ ಇನ್ನೊಂದು ಎಲೆ ತಗೊಂಡು ಹೋಗಿದ್ದೆ. ಟೀಚರ್ ಹಳೆಯದನ್ನು ಕೀಳಲಿಲ್ಲ, ಪಕ್ಕದಲ್ಲೇ ಅಂಟಿಸಿದರು. ಅದೇ ಸರಿ ಅನ್ನಿಸಿತು. ಅವಳಿಗೆ ಎರಡೂ ಬೇಕಲ್ಲ.

ಇದನ್ನು ಬರೀತಿರೋದು ಶುಕ್ರವಾರ ಮಧ್ಯಾಹ್ನ. ಪತ್ರ ಇನ್ನೂ ಬಂದಿಲ್ಲ. ಊರಿಂದ ಅಮ್ಮ ಆಗಲೇ ಎರಡು ಸಲ ವಾಯ್ಸ್ ಮೆಸೇಜ್ ಕಳಿಸಿದ್ದಾರೆ: ‘ಏನ್ ಮಗಾ, ಸ್ಕೂಲ್ ಕಾಗದ ಬಂತೇನೋ?’