ತೊರವಿಯ ಗಾಳಿಯೂ ನಡುವಯಸ್ಸಿನ ಸೀನೂ

ವಿಜಯಪುರದಿಂದ ಅಥಣಿಯ ದಾರಿ ಹಿಡಿದು ಪಶ್ಚಿಮಕ್ಕೆ ಹೊರಟವರಿಗೆ ಕೆಲವೇ ಮೈಲಿಗಳಲ್ಲಿ ಎದುರಾಗುವ ತೊರವಿಯು, ಕುಮಾರ ವಾಲ್ಮೀಕಿಯು ತನ್ನ ರಾಮಾಯಣವನ್ನು ಅರ್ಪಿಸಿದ ನರಸಿಂಹನ ಕ್ಷೇತ್ರ. ಎರಡನೆಯ ಇಬ್ರಾಹಿಂ ಆದಿಲಶಾಹನು 1599ರಲ್ಲಿ ನವರಸಪುರವೆಂಬ ನೂತನ ನಗರವನ್ನು ಕಟ್ಟತೊಡಗಿದ ಸೀಮೆ. ನೆಲದೊಳಗಿನ ಸುರಂಗದ ಮೂಲಕ ಆದಿಲಶಾಹಿಗಳ ರಾಜಧಾನಿಗೆ ನೀರುಣಿಸಿದ ಊರು. ಇಷ್ಟು ಪುರಾತನವಾದ ಈ ನೆಲದ ಹೊಲದ ಬದುಗಳಲ್ಲಿ, ರಸ್ತೆಯ ಇಕ್ಕೆಲಗಳಲ್ಲಿ, ಕಟ್ಟದೆ ಬಿಟ್ಟ ನಿವೇಶನಗಳಲ್ಲಿ ಮಳೆ ಬಿದ್ದ ಕೆಲವೇ ವಾರಗಳಲ್ಲಿ ದಟ್ಟವಾಗಿ ಮೇಲೆದ್ದು ಬೆಳ್ಳನೆಯ ಸಣ್ಣ ಹೂಗಳನ್ನು ತಳೆಯುವ ಗಿಡವೊಂದುಂಟು. ಅದನ್ನು ನವರಸಪುರದವರು ಕಂಡಿರಲಿಲ್ಲ. ನಮ್ಮ ಅಜ್ಜಂದಿರೂ ತಮ್ಮ ಎಳವೆಯಲ್ಲಿ ಕಂಡವರಲ್ಲ. ಶಾಸ್ತ್ರಜ್ಞರು ಪಾರ್ಥೇನಿಯಂ ಎನ್ನುವ, ನಮ್ಮ ರೈತರು ಕಾಂಗ್ರೆಸ್ ಕಸವೆನ್ನುವ ಸಸ್ಯವದು.

ಈ ಗಿಡ ಹಬ್ಬಿದ ಊರುಗಳಲ್ಲಿ, ಯೌವನವನ್ನೆಲ್ಲ ಕಣದ ಹೊಟ್ಟಿನ ನಡುವೆ ಕಳೆದೂ ಒಂದು ದಿನ ಮೂಗೊರಸಿಕೊಳ್ಳದ ಒಕ್ಕಲಿಗನು ನಲವತ್ತು ದಾಟಿದ ಮೇಲೆ, ಶ್ರಾವಣ ಕಾಲಿಟ್ಟಿತೆಂದರೆ, ಬೆಳಗಿನ ಜಾವದಿಂದಲೇ ಸಾಲುಸಾಲಾಗಿ ಸೀನತೊಡಗುವನು. ಕಣ್ಣು ಕೆಂಪಡರಿ ನವೆಯೇಳುವುದು. ಕೆಲವರಿಗೆ ರೆಪ್ಪೆ, ಕುತ್ತಿಗೆ, ಮೊಣಕೈಯ ಮಡಿಕೆಗಳಲ್ಲಿ ತುರಿಕೆ ಎದ್ದು ಚರ್ಮವು ದಡ್ಡುಗಟ್ಟುವುದು. “ಹುಟ್ಟಿದಾಗಿನಿಂದ ಇದೇ ಗಾಳಿಯನ್ನು ಕುಡಿದವನಿಗೆ ಈಗೇಕೆ?” ಎಂಬ ಅವನ ಪ್ರಶ್ನೆಯಲ್ಲಿ ವಿಸ್ಮಯದೊಡನೆ ಒಂದು ಬಗೆಯ ಲಜ್ಜೆಯೂ ಬೆರೆತಿರುತ್ತದೆ, ತನ್ನ ಕಸುವು ಕುಂದಿತೆಂದು ಅವನು ಒಳಗೊಳಗೇ ನೊಂದುಕೊಳ್ಳುತ್ತಾನೆ. ಈ ಲಜ್ಜೆ ನಿರಾಧಾರವಾದುದು.

ಅಲರ್ಜಿಯು ಮೊದಲ ಭೇಟಿಯಲ್ಲಿ ತೋರಿಕೊಳ್ಳುವ ವ್ಯಾಧಿಯಲ್ಲ. ಅದಕ್ಕೆ ಆ ಹೆಸರನ್ನಿತ್ತ ವಿಯೆನ್ನಾದ ವೈದ್ಯ ಕ್ಲೆಮೆನ್ಸ್ ಫಾನ್ ಪಿರ್ಕೆಯು 1906ರಲ್ಲಿಯೇ, ಒಂದು ವಸ್ತುವಿನ ಹಿಂದಿನ ಸಂಪರ್ಕವು ದೇಹದ ಮುಂದಿನ ಪ್ರತಿಕ್ರಿಯೆಯನ್ನು ಮಾರ್ಪಡಿಸುವುದೆಂಬ ತತ್ತ್ವವನ್ನು ಪ್ರತಿಪಾದಿಸಿದ್ದನು. ಪರಾಗವು ಮೂಗನ್ನು ಹೊಕ್ಕಾಗ, ಅದನ್ನು ಶತ್ರುವೆಂದು ಬಗೆದ ಶರೀರವು ಐಜಿಇ ಎಂಬ ಪ್ರತಿಕಾಯಗಳನ್ನು ಸದ್ದಿಲ್ಲದೆ ಸೃಷ್ಟಿಸುತ್ತದೆ. ವಿಜ್ಞಾನಿಗಳಾದ ಇಶಿಝಾಕಾ ದಂಪತಿಗಳು 1966ರಲ್ಲಿ ಗುರುತಿಸಿದ ಈ ಪ್ರತಿಕಾಯಗಳು ಮಾಸ್ಟ್ ಕೋಶಗಳ ಮೈಮೇಲೆ ಕಾವಲುಗಾರರಂತೆ ನೆಲೆಸಿ, ಅದೇ ಪರಾಗವು ಮರಳಿ ಬಂದೊಡನೆ ಹಿಸ್ಟಮಿನ್ ದ್ರವ್ಯವನ್ನು ಹೊರಚೆಲ್ಲಿಸುತ್ತವೆ. ಸೀನು, ನೀರು, ನವೆಗಳೆಲ್ಲ ಅದರ ಪರಿಣಾಮ. ಚರ್ಮದ ಬಾಧೆಯ ದಾರಿ ಬೇರೆ: ಕಾಂಗ್ರೆಸ್ ಕಸದಲ್ಲಿರುವ ಪಾರ್ಥೆನಿನ್ ಎಂಬ ವಿಷದ್ರವ್ಯಕ್ಕೆ ರಕ್ತದ ಬಿಳಿಯ ಕಣಗಳು ನಿಧಾನವಾಗಿ ಪಳಗಿ, ವರ್ಷಗಳ ಒಡನಾಟದ ಅನಂತರ ಒಮ್ಮೆಗೆ ಕೆರಳುತ್ತವೆ. ಆದುದರಿಂದಲೇ ಈ ಚರ್ಮರೋಗವು ಮಕ್ಕಳಿಗಿಂತ ಹೊಲದಲ್ಲಿ ದುಡಿದು ಬಾಳಿದ ನಡುವಯಸ್ಸಿನವರನ್ನೇ ಹೆಚ್ಚಾಗಿ ಹಿಡಿಯುತ್ತದೆ.

ಕಾಂಗ್ರೆಸ್ ಕಸವು ಮೆಕ್ಸಿಕೋ ಮತ್ತು ಅದರ ಸುತ್ತಣ ದೇಶಗಳ ಸಸ್ಯ. ಅಮೆರಿಕೆಯಿಂದ ಆಮದಾದ ಗೋಧಿಯೊಡನೆ ಬಂದಿತೆಂಬುದು ಪ್ರಚಲಿತವಾದ ಅಭಿಪ್ರಾಯ. 1950ರ ದಶಕದಲ್ಲಿ ಪುಣೆಯಲ್ಲಿ ಸಸ್ಯವಿಜ್ಞಾನಿಗಳ ಕಣ್ಣಿಗೆ ಬಿದ್ದ ಗಿಡವು ಕೆಲವೇ ದಶಕಗಳಲ್ಲಿ ಕರ್ನಾಟಕವನ್ನು ಆಕ್ರಮಿಸಿತು. ಒಂದು ಗಿಡವು 15,000ಕ್ಕೂ ಮಿಕ್ಕಿ ಬೀಜ ಬಿಡಬಲ್ಲುದು. ಆ ಬೀಜಗಳು ಮಣ್ಣಿನೊಳಗೆ ವರ್ಷಗಟ್ಟಲೆ ಜೀವ ಹಿಡಿದಿರಬಲ್ಲವು. 1980ರ ದಶಕದಲ್ಲಿ ಬೆಂಗಳೂರಿನ ವಿಜ್ಞಾನಿಗಳು ಮೆಕ್ಸಿಕೋದಿಂದಲೇ ಇದರ ಎಲೆ ಮೇಯುವ ದುಂಬಿಯನ್ನು ತಂದು ಬಿಟ್ಟರು. ಆ ಕೀಟವು ಮಳೆಗಾಲದಲ್ಲಿ ಗಿಡವನ್ನು ಬೋಳಿಸುವುದುಂಟಾದರೂ, ಒಣ ದಿನಗಳಲ್ಲಿ ಮಣ್ಣಿನಡಿ ಮಲಗಿಬಿಡುವುದರಿಂದ ವಿಜಯಪುರದಂತಹ ಬರಸೀಮೆಯಲ್ಲಿ ಅದೊಂದನ್ನೇ ನೆಚ್ಚಿ ಕೂರುವಂತಿಲ್ಲ.

ದೋಷವೆಲ್ಲ ಒಂದೇ ಗಿಡದ್ದೆಂದರೆ ಅನ್ಯಾಯವಾದೀತು. ಹುಲ್ಲುಗಳ ಪರಾಗವೂ, ಬಳ್ಳಾರಿ ಜಾಲಿಯ ಪರಾಗವೂ ಈ ವಿಷಯದಲ್ಲಿ ಕುಪ್ರಸಿದ್ಧವೇ. ಹುಲ್ಲಿನ ಕುಲಕ್ಕೇ ಸೇರಿದ, ನಮಗೆ ಅನ್ನವಾದ ಹಿಂಗಾರಿ ಬಿಳಿಜೋಳದ ತೆನೆಗಳು ಹೂಬಿಡುವ ಚಳಿಗಾಲದಲ್ಲಿಯೂ ಕೆಲವರ ಉಸಿರು ಕಟ್ಟಬಹುದು. ಆದಕಾರಣ ತನ್ನ ಬಾಧೆ ಯಾವ ತಿಂಗಳಲ್ಲಿ ಮೊದಲಾಗಿ ಯಾವಾಗ ಇಳಿಯಿತೆಂಬುದನ್ನು ಪಂಚಾಂಗದ ಅಂಚಿನಲ್ಲಿ ಗುರುತಿಟ್ಟುಕೊಳ್ಳುವ ರೋಗಿಯು ವೈದ್ಯನಿಗೆ ಅರ್ಧ ದಾರಿಯನ್ನು ತೋರಿಸಿದಂತೆ. ಜ್ವರವಿಲ್ಲದೆ, ತಿಳಿನೀರು ಸುರಿಯುತ್ತ, ನವೆಯೊಡಗೂಡಿ ವಾರಗಟ್ಟಲೆ ನಿಲ್ಲುವ, ವರ್ಷವರ್ಷವೂ ಅದೇ ಋತುವಿನಲ್ಲಿ ಮರಳುವ ನೆಗಡಿಯು ಸಾಮಾನ್ಯ ನೆಗಡಿಯಲ್ಲ. ಅದಕ್ಕೆ ಆಂಟಿಬಯೋಟಿಕ್ ನುಂಗುವುದು ವ್ಯರ್ಥ.

ಚಿಕಿತ್ಸೆಯುಂಟು. ಹಿಸ್ಟಮಿನ್ ತಡೆಯುವ ಮಾತ್ರೆಗಳು ಸೀನನ್ನು ಶಮನಗೊಳಿಸುತ್ತವೆ. ಹಳೆಯ ಬಗೆಯವು ತೂಕಡಿಕೆ ತರುವುದರಿಂದ ಟ್ರ್ಯಾಕ್ಟರ್ ನಡೆಸುವವರು ವೈದ್ಯರೊಡನೆ ವಿಚಾರಿಸಿಯೇ ಕೊಳ್ಳಬೇಕು. ಮೂಗಿನ ಸ್ಟೆರಾಯ್ಡ್ ಸ್ಪ್ರೇ ಒಂದೇ ದಿನದಲ್ಲಿ ಪೂರ್ಣ ಫಲ ಕೊಡದು, ನಿಯಮಿತವಾಗಿ ಬಳಸಬೇಕು. ಹೊಲದಿಂದ ಬಂದೊಡನೆ ಮುಖ ತೊಳೆದು ಬಟ್ಟೆ ಬದಲಿಸುವುದು, ದುಡಿಯುವಾಗ ಟವೆಲನ್ನು ಮೂಗಿಗೆ ಬಿಗಿಯುವುದು ಖರ್ಚಿಲ್ಲದ ಉಪಾಯಗಳು. ಆದರೆ ಎದೆಯಲ್ಲಿ ಸಿಳ್ಳಿನ ಸದ್ದೆದ್ದು ರಾತ್ರಿ ಉಸಿರು ಸಾಲದಾದರೆ ಅದು ಉಬ್ಬಸದ ಸೂಚನೆ. ಆಗ ವೈದ್ಯರನ್ನು ಕಾಣಲು ಒಂದು ದಿನವೂ ತಡಮಾಡಬಾರದು.

ಆದರೆ ಬದುವಿನ ಮೇಲೆ ಹೂವರಳಿ ನಿಂತ ಕಸವನ್ನು ಔಷಧದ ಅಂಗಡಿಯು ಕೀಳಲಾರದು. ನೆಲ ಹಸಿಯಾಗಿರುವಾಗ, ಹೂ ಮೂಡುವ ಮುನ್ನ, ಕೈಗವಸು ತೊಟ್ಟು ಬೇರುಸಹಿತ ಕಿತ್ತರೆ ಅದೇ ಗಿಡವು ಗೊಬ್ಬರವಾಗುತ್ತದೆ. ಹೂಬಿಟ್ಟ ಮೇಲೆ ಕೀಳಹೋದರೆ ಕೀಳುವವನೇ ರೋಗಿಯಾದಾನು. ಒಬ್ಬನು ತನ್ನ ಹೊಲವನ್ನು ಹಸನುಮಾಡಿ ನೆರೆಯವನು ಸುಮ್ಮನಿದ್ದರೆ ಶ್ರಮವೆಲ್ಲ ನಿಷ್ಫಲ, ಏಕೆಂದರೆ ಗಾಳಿಗೆ ಬದುವಿಲ್ಲ. ತೊರವಿಯ ಶಾಲೆಗಳೂ, ಅಲ್ಲಿಯೇ ನೆಲೆಗೊಂಡ ಅಕ್ಕಮಹಾದೇವಿ ಮಹಿಳಾ ವಿಶ್ವವಿದ್ಯಾಲಯವೂ, ಟಿಕೋಟಾ-ಬಬಲೇಶ್ವರಗಳ ಪಂಚಾಯತಿಗಳೂ ಮುಂಗಾರಿನ ಮೊದಲ ತಿಂಗಳಲ್ಲಿ ಒಂದೇ ದಿನವನ್ನು ಗೊತ್ತುಮಾಡಿ, ತಮ್ಮ ತಮ್ಮ ಎಲ್ಲೆಯ ಕಸವನ್ನು ಹೂವಿಗೆ ಮುನ್ನ ಕೀಳಲಿ. ಮರುವರ್ಷವೂ ಅದನ್ನು ಬಿಡದೆ ನಡೆಸಲಿ. ನಡುವಯಸ್ಸಿನ ಒಕ್ಕಲಿಗನು ಸೀನುವುದು ಅವನ ದೌರ್ಬಲ್ಯದಿಂದಲ್ಲ, ನಾವೆಲ್ಲರೂ ಕೂಡಿ ಬೆಳೆಯಗೊಟ್ಟ ಗಿಡದಿಂದ. ಅದನ್ನು ಕೀಳುವ ಋಣವೂ ನಮ್ಮೆಲ್ಲರದು.