ಗಾಳಿಯ ವೇಷದಲ್ಲಿ ಕಟ್ಟಿಗೆ

ಯಲಬುರ್ಗಾ, ಕುಕನೂರು ಸೀಮೆಯ ಮಂಗಳೂರಿನಂಥ ಊರುಗಳಲ್ಲಿ ಬದುವಿಗೆ ಜಾಲಿ, ಒಲೆಗೆ ತೊಗರಿ ಕಟ್ಟಿಗೆ. ಓಡುವ ಹುಡುಗ ಮುಗ್ಗರಿಸಿದರೆ ಒಣಗಿದ ಸಿಬಿರೊಂದು ರೆಪ್ಪೆ ತೂರಿ ಕಣ್ಣಿನ ಗೂಡಿಗೇ ಇಳಿಯಬಹುದು. ಮೇಲೆ ಕಾಣುವುದು ಚಿಕ್ಕ ಗಾಯ. ಗುಡ್ಡೆಗೆ ಪೆಟ್ಟಾಗದೆ ನೋಟವೂ ಸರಿಯಿದ್ದರೆ ಮನೆಯವರು ನಿಶ್ಚಿಂತರಾಗುತ್ತಾರೆ. ಆಮೇಲೆ ಬಾವು, ಕೀವು. ಔಷಧಿಗೆ ಇಳಿಯುತ್ತದೆ, ನಿಲ್ಲಿಸಿದರೆ ಮತ್ತೆ ಏರುತ್ತದೆ. ಗೂಡಿನ ಚಾವಣಿ ತೆಳು ಎಲುಬು, ಅದರಾಚೆ ಮಿದುಳು.

ಈ ಸಿಬಿರನ್ನು ಕಾಣಲು ವೈದ್ಯರಿಗೆ ಬಹುಕಾಲ ಹಿಡಿಯಿತು. 1895ರಲ್ಲಿ ರಾಂಟ್ಗೆನ್ ಎಕ್ಸ್‌ರೇ ಕಂಡುಹಿಡಿದ ಮೇಲೆ ಮೈಯೊಳಗಿನ ಗುಂಡು, ಸೂಜಿ ಸಿಕ್ಕಿಬಿದ್ದವು. ಕಟ್ಟಿಗೆ ಸಿಗಲಿಲ್ಲ, ಕಿರಣಗಳು ಅದನ್ನು ಹೆಚ್ಚುಕಡಿಮೆ ಸಲೀಸಾಗಿ ದಾಟಿಬಿಡುತ್ತವೆ. ಏನೂ ಕಾಣದ ಫಿಲ್ಮು ಸುಳ್ಳು ಧೈರ್ಯ ಕೊಡುತ್ತಿತ್ತು.

1971ರ ಅಕ್ಟೋಬರ್ 1ರಂದು ಲಂಡನ್ನಿನ ಅಟ್ಕಿನ್ಸನ್ ಮಾರ್ಲಿ ಆಸ್ಪತ್ರೆಯಲ್ಲಿ ಗಾಡ್‌ಫ್ರೇ ಹೌನ್ಸ್‌ಫೀಲ್ಡ್‌ನ ಸಿ.ಟಿ. ಯಂತ್ರ ಮೊದಲ ರೋಗಿಯ ತಲೆಯನ್ನು ಸ್ಕ್ಯಾನ್ ಮಾಡಿತು. ವಸ್ತು ಕಿರಣವನ್ನು ಎಷ್ಟು ತಡೆಯುತ್ತದೆಂದು ಹೇಳುವ, ಹೌನ್ಸ್‌ಫೀಲ್ಡ್ ಹೆಸರಿನ ಅಳತೆಯಲ್ಲಿ ನೀರು 0, ಗಾಳಿ ಮೈನಸ್ 1000, ಕೊಬ್ಬು ಸುಮಾರು ಮೈನಸ್ 100. ಇನ್ನು ಕಟ್ಟಿಗೆ ತಪ್ಪಿಸಿಕೊಳ್ಳಲಾರದು ಅನ್ನಿಸಬೇಕು. ಆದರೂ ತಪ್ಪಿಸಿಕೊಂಡಿತು. ಒಣ ಕಟ್ಟಿಗೆಯ ರಂಧ್ರಗಳ ತುಂಬ ಗಾಳಿ, ಹಾಗಾಗಿ ಸಿ.ಟಿ.ಯಲ್ಲೂ ಅದು ಗಾಳಿಯಂತೆಯೇ ಕಪ್ಪಗೆ ಮೂಡಿತು. ಪೆಟ್ಟುಬಿದ್ದ ಕಣ್ಣಿನ ಗೂಡಿಗೆ ಪಕ್ಕದ ಸೈನಸ್‌ನಿಂದ ಗಾಳಿ ನುಗ್ಗುವುದು ಸಾಮಾನ್ಯವಾದ್ದರಿಂದ ಆ ಕಪ್ಪನ್ನು ಯಾರೂ ಅನುಮಾನಿಸಲಿಲ್ಲ.

ಒಂದೊಂದೇ ರೋಗಿಯಿಂದ ಕಲಿಯುತ್ತ ವೈದ್ಯರು ಗುರುತು ಹಿಡಿದರು. ಗಾಳಿ ಗುಳ್ಳೆಯಾಗಿ ಹರಡುತ್ತದೆ, ದಿನ ಕಳೆದಂತೆ ಕರಗುತ್ತದೆ. ಕಪ್ಪಿಗೆ ನೆಟ್ಟನೆಯ ಅಂಚಿದ್ದರೆ, ದಿನ ಕಳೆದರೂ ಆಕಾರ ಉಳಿದರೆ, ಅದು ಕಟ್ಟಿಗೆ. ಪರದೆಯ ಮೇಲೆ ಕಪ್ಪು-ಬಿಳುಪಿನ ಹರವನ್ನು ಹಿಗ್ಗಿಸಿದರೆ ಎರಡರ ಭೇದ ಇನ್ನೂ ಸ್ಪಷ್ಟ. ತೊಡಕೂ ಇದೆ: ಒಳಗಿನ ದ್ರವ ಹೀರಿದ ಕಟ್ಟಿಗೆ ಮೆಲ್ಲಗೆ ಬೆಳ್ಳಗಾಗುತ್ತ ಸುತ್ತಲಿನ ಕೊಬ್ಬು, ಮಾಂಸದಲ್ಲಿ ಬೆರೆತುಹೋಗಬಹುದು. ಆಗ ಎಂ.ಆರ್.ಐ. ನೆರವಾಗುತ್ತದೆ, ಮೊಳೆ, ತಂತಿಯ ಚೂರು ಒಳಗಿಲ್ಲವೆಂದು ಖಚಿತವಾದ ಮೇಲಷ್ಟೇ, ಏಕೆಂದರೆ ಅಯಸ್ಕಾಂತ ಕಬ್ಬಿಣವನ್ನು ಎಳೆದಾಡುತ್ತದೆ.

ಯಂತ್ರಗಳಷ್ಟೇ ದೊಡ್ಡದು ಒಂದು ಪ್ರಶ್ನೆ ಎಂದು ನನಗನ್ನಿಸುತ್ತದೆ: "ಏನು ಚುಚ್ಚಿತವ್ವಾ? ಮುರಿದ ತುಂಡು ತಂದೀರೇನು?" ಕಟ್ಟಿಗೆ ಎಂದು ಚೀಟಿಯಲ್ಲಿ ಬರೆದು ಕಳಿಸಿದರೆ ಸ್ಕ್ಯಾನ್ ಓದುವವರ ಕಣ್ಣು ಆ ಕಪ್ಪಿನ ಮೇಲೆ ನಿಲ್ಲುತ್ತದೆ.

ಚುಚ್ಚಿಕೊಂಡದ್ದನ್ನು ಮನೆಯಲ್ಲಿ ಎಳೆಯಲೇಬಾರದು. ನೆನೆದ ಕಟ್ಟಿಗೆ ಇಕ್ಕಳದಲ್ಲೇ ಪುಡಿಯಾಗುತ್ತದೆ, ಅದರ ರಂಧ್ರಗಳಲ್ಲಿ ಬ್ಯಾಕ್ಟೀರಿಯಾ, ಶಿಲೀಂಧ್ರ ಬೀಡುಬಿಟ್ಟಿರುತ್ತವೆ. ಶಸ್ತ್ರವೈದ್ಯರು ಅದು ಹೊಕ್ಕ ದಾರಿಯನ್ನು ಅಗಲಿಸಿ, ಕಣ್ಣಿನ ನರ, ಸ್ನಾಯುಗಳನ್ನು ಕಾಪಾಡುತ್ತ ಹೊರತೆಗೆದು, ಕುಳಿ ತೊಳೆದು, ಚೂರನ್ನು ಕಲ್ಚರ್‌ಗೆ ಕಳಿಸುತ್ತಾರೆ. ಧನುರ್ವಾಯು ಚುಚ್ಚುಮದ್ದೂ ಬೇಕು. ತೆಗೆದ ಮೇಲೂ ಕೀವು ಒಸರಿದರೆ ಇನ್ನೊಂದು ತುಣುಕು ಒಳಗಿದೆಯೆಂದೇ ಶಂಕಿಸಿ ಮತ್ತೆ ಸ್ಕ್ಯಾನ್ ಮಾಡುತ್ತಾರೆ.