ಪ್ರಕಟಣಕಾಲದ ಸೂಚನೆ

ಬರೆಹವು ಸಿದ್ಧವಾಗುವ ಕಾಲವೂ ಅದು ಲೋಕಕ್ಕೆ ಪ್ರಕಟವಾಗುವ ಕಾಲವೂ ಒಂದೇ ಅಲ್ಲ. ಪ್ರಕಟಣಕಾಲವನ್ನು ಸೂಚಿಸದಿದ್ದರೆ ಉಂಟಾಗುವ ತೊಡಕಿಗೆ ಹಿರೇಕೆರೂರು ಸೀಮೆಯ ಅಬ್ಬಲೂರಿನ ಸೋಮೇಶ್ವರ ದೇವಾಲಯದ ಶಾಸನವು ನಿದರ್ಶನವಾಗಿದೆ. ಏಕಾಂತದ ರಾಮಯ್ಯನ ಚರಿತ್ರೆಯನ್ನು ಹೇಳುವ ಈ ಲೇಖವನ್ನು ಫ್ಲೀಟ್ ಪಂಡಿತರು ‘ಎಪಿಗ್ರಾಫಿಯಾ ಇಂಡಿಕಾ’ದ 5ನೆಯ ಸಂಪುಟದಲ್ಲಿ ಪ್ರಕಟಿಸಿದರು. ಕಳಚುರ್ಯ ಬಿಜ್ಜಳ, ಚಾಲುಕ್ಯ ನಾಲ್ವಡಿ ಸೋಮೇಶ್ವರ, ಹಾನಗಲ್ಲಿನ ಕದಂಬ ಕಾಮದೇವ ಎಂಬ ಮೂವರ ದತ್ತಿಗಳು ಅದರಲ್ಲಿ ಉಕ್ತವಾಗಿವೆ. ಆದರೆ ಶಾಸನಕ್ಕೆ ತೇದಿಯಿಲ್ಲ. ಬಿಜ್ಜಳನ ಆಳಿಕೆಯು 1167ರ ಸುಮಾರಿಗೆ ಮುಗಿಯಿತು. ಸೋಮೇಶ್ವರನು ರಾಜ್ಯವನ್ನು ಮರಳಿ ಪಡೆದುದು 1184ರ ಸುಮಾರಿಗೆ. ಆದುದರಿಂದ ಶಾಸನದ ಕಾಲವನ್ನು ಸು. 1200 ಎಂದು ಊಹೆಯಿಂದಲೇ ಗೊತ್ತುಪಡಿಸಬೇಕಾಯಿತು. ರಾಮಯ್ಯನ ಕಾರ್ಯಕ್ಕೂ ಕಲ್ಲಿನ ಸಾಕ್ಷ್ಯಕ್ಕೂ ನಡುವೆ ಎಷ್ಟು ವರ್ಷಗಳ ಅಂತರವುಂಟೆಂಬುದು, ಆ ಸಾಕ್ಷ್ಯದ ಬೆಲೆಯನ್ನು ನಿರ್ಣಯಿಸುವವರಿಗೆ ಅಲ್ಪ ವಿಷಯವಲ್ಲ.

ಇಂದಿನ ಗಣಕಯಂತ್ರದ ಪ್ರಕಟಣವ್ಯವಸ್ಥೆಗಳಲ್ಲಿಯೂ ಈ ಭೇದವು ಮುಖ್ಯವಾದುದು. ಲೇಖಕನು ಮುಂದಿನ ದಿನವೊಂದನ್ನು ಗೊತ್ತುಮಾಡಿದರೆ, ವರ್ಡ್‌ಪ್ರೆಸ್ ವ್ಯವಸ್ಥೆಯು ಆ ಲೇಖವನ್ನು ಕರಡೆಂದೂ ಪ್ರಕಟಿತವೆಂದೂ ಎಣಿಸದೆ, ನಿಯತಕಾಲವನ್ನು ಕಾದಿರುವ ಮೂರನೆಯ ಸ್ಥಿತಿಯಲ್ಲಿಡುವುದು. ಆಗ ಲೇಖಕನಿಗೆ ‘ಪ್ರಕಟವಾಯಿತು’ ಎನ್ನದೆ, ‘ಇಂಥ ದಿನ ಇಂಥ ಹೊತ್ತಿಗೆ ಪ್ರಕಟವಾಗುವುದು’ ಎಂದು ದೃಢಪಡಿಸುವುದು ಯುಕ್ತ. ಆ ಹೊತ್ತು ಯಾವ ದೇಶದ ಕಾಲಮಾನದ್ದೆಂಬುದನ್ನೂ ತಿಳಿಸಬೇಕು. ಇಲ್ಲದಿದ್ದರೆ ಲೇಖಕನು ಪ್ರಕಟವಾಗದುದನ್ನು ಪ್ರಕಟವಾಯಿತೆಂದು ಬಗೆಯುವನು. ಬರೆದ ದಿನವೇ ಪ್ರಕಟವಾದ ದಿನವೆಂಬ ಭ್ರಮೆಯು ಮುಂದಿನ ಶೋಧಕನಿಗೂ ತಟ್ಟುವುದು.